ಇಂಟು ಮಾರ್ಕಿನ ಭಾವ

ನಮ್ಮ ಮೂಡಿಗೆರೆ ಸೀಮೆಯಲ್ಲಿ ಜಗಳಗಳಿಗೇನೂ ಬರವಿಲ್ಲ. ಬೇಲಿಗೆ ಜಗಳ, ನೀರಿಗೆ ಜಗಳ, ಬಸ್ಸಿನ ಕಿಟಕಿ ಸೀಟಿಗೆ ಜಗಳ. ಆದರೆ ಸಾಸಿವೆ ಕಾಳಿನಷ್ಟು ಸಣ್ಣ ಒಂದು ಇಂಟು ಮಾರ್ಕಿಗಾಗಿ, ಮುಖವನ್ನೇ ನೋಡದ ಹೊರದೇಶದವರ ಜೊತೆ, ಅದೂ ಇಂಗ್ಲಿಷಿನಲ್ಲಿ, ಅದೂ ಇನ್ನೊಬ್ಬರ ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತವರು ಇಡೀ ತಾಲ್ಲೂಕಿಗೆ ಒಬ್ಬರೇ. ಅವರು ನನ್ನ ಭಾವ, ಅಕ್ಕನ ಗಂಡ. ಆ ಇನ್ನೊಬ್ಬರ ಇಂಗ್ಲಿಷ್ ಇತ್ತಲ್ಲ, ಅದು ನನ್ನದು.

ನನ್ನ ಇಂಗ್ಲಿಷಿನ ಬಗ್ಗೆ ಎರಡು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಎಂದರೆ ಜ್ವರದ್ದು ಮಾತ್ರ. ಅಪ್ಪನಿಗೆ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಕೆಲಸ, ಅಮ್ಮ ಕಾಫಿ ಹಣ್ಣು ಕುಯ್ಯುವ ಆಳು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದವಳೇ ಟೈಪಿಂಗ್ ಕಲಿತಳು. ಮೂಡಿಗೆರೆ ಪೇಟೆಯ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕೂತು ಊರವರ ಅರ್ಜಿಗಳನ್ನೆಲ್ಲ ಬಡಿದು ಬಡಿದು ನನ್ನನ್ನು ಚಿಕ್ಕಮಗಳೂರಿಗೆ ಓದಲು ಕಳಿಸಿದಳು. ನಾನು ಬಿ.ಎ., ಬಿ.ಎಡ್. ಆಗಿ ಗೋಣಿಬೀಡಿನ ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಎನ್ನಿಸಿಕೊಂಡದ್ದು ಅವಳ ಬೆರಳುಗಳಿಂದ. ಅವಳು ಟೈಪ್ ಮಾಡುತ್ತಿದ್ದರೆ ರಸ್ತೆಯಲ್ಲಿ ಹೋಗುವವರು ಮಳೆ ಬಂತೆಂದು ಕೊಡೆ ಬಿಚ್ಚುತ್ತಿದ್ದರಂತೆ. ಇದು ಭಾವ ಹೇಳುವ ಮಾತು. ಭಾವನ ಮಾತಿನಲ್ಲಿ ಅರ್ಧ ಕಳೆಯಬೇಕು. ಕಳೆದರೂ ಅರ್ಧ ಬಿಚ್ಚಿದ ಕೊಡೆಯಾದರೂ ಉಳಿಯುತ್ತದೆ!

ಇನ್ನು ಭಾವ. ಟೀವಿಗೆ ಬುಟ್ಟಿಯಷ್ಟು ದೊಡ್ಡ ಆಂಟೆನಾ ಬರುತ್ತಿದ್ದ ಆ ತೊಂಬತ್ತರ ದಶಕದಲ್ಲಿ ಅವರು ಬೋರ್ಡ್ ಬರೆಯುವ ಪೇಂಟರ್. ಎಸ್ಟೇಟುಗಳ ಗೇಟಿನ ಬೋರ್ಡು, ಲಾರಿಯ ಹಿಂಬದಿ, ಅಂಗಡಿಗಳ ಹೆಸರು, ಎಲ್ಲ ಅವರದೇ ಕೈ. ಆದರೆ ಅವರ ನಿಜವಾದ ಪ್ರೀತಿ ಬೇರೆ ಕಡೆ ಇತ್ತು. ಬಾಗಿಲಿಗೆ ಸರಪಳಿಯಲ್ಲಿ ತೂಗುಹಾಕಿ, ಬೇಕಾದಾಗ ತಿರುಗಿಸುವ ಬೋರ್ಡು ಇರುತ್ತದಲ್ಲ, ಒಂದು ಮಗ್ಗುಲಿಗೆ ‘ತೆರೆದಿದೆ’, ಇನ್ನೊಂದಕ್ಕೆ ‘ಮುಚ್ಚಿದೆ’? ‘ತೆರೆದಿದೆ’ ಎಂಬುದನ್ನು ಅವರು ಹಾಲಿನ ಡೈರಿಯ ಗೋಡೆಬರಹದಂತೆ ಗೀಚಿ ಮುಗಿಸುತ್ತಿದ್ದರು. ‘ಮುಚ್ಚಿದೆ’ ಎಂಬುದಕ್ಕೆ ಮಾತ್ರ ಊಟ ತಿಂಡಿ ಬಿಟ್ಟು ಕೂರುತ್ತಿದ್ದರು.

ದೇವರಮನೆ ಗುಡ್ಡಕ್ಕೆ ತಿರುಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲಿತ್ತು. ಅದಕ್ಕೆ ಬರೆದುಕೊಟ್ಟ ‘ಮುಚ್ಚಿದೆ’ಯಲ್ಲಿ ಗುಡ್ಡದ ಹಿಂದೆ ಇಳಿಯುವ ಸೂರ್ಯ, ಕೊಟ್ಟಿಗೆಗೆ ಮರಳುವ ದನ, ಕೆಳಗೆ ಬಳ್ಳಿಯಂಥ ಅಕ್ಷರದಲ್ಲಿ ‘ನಾಳೆ ಬನ್ನಿ, ಕಾಯುತ್ತಿರುತ್ತೇವೆ’. ಹೋಟೆಲಿನವರಿಗೆ ಅದರ ಮೇಲೆ ಎಷ್ಟು ಮೋಹ ಬಂತೆಂದರೆ ಒಳಗೆ ದೋಸೆ ಹುಯ್ಯುತ್ತಿದ್ದರೂ ಹೊರಗೆ ಆ ಮಗ್ಗುಲನ್ನೇ ತೂಗುಬಿಟ್ಟರು. ಜನ ಬಂದರು, ಬೋರ್ಡು ನೋಡಿದರು, ಸಂತೋಷಪಟ್ಟರು, ತಿರುಗಿ ಹೋದರು! ವ್ಯಾಪಾರ ನೆಲಕಚ್ಚಿ ಹೋಟೆಲಿನವರು ದೂರು ತಂದಾಗ ಭಾವ ಹೇಳಿದ್ದು ಇಷ್ಟು: “ನಿಮ್ಮ ಕಾಫಿ ಕುಡಿದು ಯಾರೂ ಅಷ್ಟು ಖುಷೀಲಿ ಹೋಗಿದ್ದು ನಾನು ನೋಡಿಲ್ಲ.”

ಇದು ಅವರ ಸಿದ್ಧಾಂತ. ಬಾಗಿಲು ತೆಗೆಯುವುದು ಗಾಳಿಗೂ ಬರುತ್ತದೆ, ಮುಚ್ಚುವುದಕ್ಕೆ ಮನುಷ್ಯನೇ ಬೇಕು. ಡಬ್ಬಿಯ ಮುಚ್ಚಳ, ಗೇಟಿನ ಚಿಲಕ, ಮಾತಿನ ಕೊನೆ, ಇವುಗಳನ್ನು ನೋಡಿ ಅವರು ಜನರಿಗೆ ನಂಬರು ಕೊಡುತ್ತಿದ್ದರು. ಅಕ್ಕನನ್ನು ನೋಡಲು ಬಂದ ದಿನ ಹುಡುಗಿಯನ್ನು ಎಷ್ಟು ನೋಡಿದರೋ ನಮಗೆ ತಿಳಿಯಲಿಲ್ಲ. ಎಸ್ಟೇಟಿನ ಆಳುಗಳ ಸಾಲಿನಲ್ಲಿದ್ದ ನಮ್ಮ ಲೈನು ಮನೆಯ ಬಾಗಿಲಿನ ಕೊಂಡಿಯನ್ನಂತೂ ಬಹಳ ಹೊತ್ತು ನೋಡಿದರು. ಅಪ್ಪ ದಿನಾ ಧಡಾರೆಂದು ಹಾಕಿ ಹಾಕಿ ಅದು ಜೋತುಬಿದ್ದಿತ್ತು. ಕೇಸರಿಬಾತಿನ ತಟ್ಟೆ ಪಕ್ಕಕ್ಕಿಟ್ಟು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು! ಹೆಣ್ಣು ನೋಡಲು ಸ್ಕ್ರೂಡ್ರೈವರ್ ತಂದ ಗಂಡನ್ನು ನೀವೆಲ್ಲಾದರೂ ಕಂಡಿದ್ದೀರಾ? ಹೊರಡುವಾಗ ಆ ಬಾಗಿಲನ್ನು ಸದ್ದೇ ಇಲ್ಲದೆ ಎಳೆದುಕೊಂಡು ಹೋದರು. ಅಮ್ಮ ‘ಇದೆಂಥ ಗಂಡಪ್ಪ’ ಎಂದರೆ ಅಕ್ಕ ಮೆಲ್ಲಗೆ, “ಬಾಗಿಲು ಹಿಂಗೂ ಹಾಕ್ಬೋದು ಅಂತ ನಂಗೆ ಇವತ್ತೇ ಗೊತ್ತಾಗಿದ್ದು” ಎಂದಳು. ಮದುವೆ ಗಟ್ಟಿಯಾಯಿತು.

ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ಷು ಒಣಗಿತು. ಟೈಪ್‌ರೈಟರೂ ಮೂಲೆ ಸೇರಿತು. ಇಬ್ಬರೂ ಕೂಡಿ ಮೂಡಿಗೆರೆಯಲ್ಲಿ, ಇಬ್ರಾಹಿಮಣ್ಣನ ಗ್ಯಾರೇಜಿನ ಮಗ್ಗುಲಿಗೆ, ಒಂದು ಕಂಪ್ಯೂಟರ್ ಇಟ್ಟು ಡಿ.ಟಿ.ಪಿ. ಅಂಗಡಿ ತೆರೆದರು. ಟೈಪಿಂಗ್ ಅಕ್ಕನದು, ವಿನ್ಯಾಸ ಭಾವನದು. ಅಂಗಡಿ ನಡೆಯುತ್ತಿದ್ದದ್ದು ಟೈಪಿಂಗಿನಿಂದ ಎಂದು ಬೇರೆ ಹೇಳಬೇಕಾಗಿಲ್ಲ.

ಅವರ ಕಂಪ್ಯೂಟರಿಗೆ ಚಿಕ್ಕಮಗಳೂರಿನ ರಿಪೇರಿಯವನೊಬ್ಬ ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶವೊಂದನ್ನು ಹಾಕಿಕೊಟ್ಟಿದ್ದ. ಲೋಕದ ಯಾವ್ಯಾವುದೋ ಮೂಲೆಯವರು ಕೂಡಿ ಕಟ್ಟಿ ಹಂಚುವಂಥದ್ದು. ಅದರ ಪರದೆಯ ಬಣ್ಣ, ಅಂಚು, ಗುಂಡಿ, ಅಕ್ಷರ ಎಲ್ಲವನ್ನೂ ಯಾರು ಬೇಕಾದರೂ ಬದಲಿಸಿ ಒಂದು ‘ಥೀಮ್’ ಮಾಡಿ ಊರಿಗೆಲ್ಲ ಹಂಚಬಹುದಂತೆ. ಭಾವ ಅದಕ್ಕೆ ‘ವೇಷ’ ಎಂದು ಹೆಸರಿಟ್ಟರು. ಒಣಗಿದ ಬ್ರಷ್ಷಿನವರಿಗೆ ಮತ್ತೆ ಬಣ್ಣದ ಮನೆ ಸಿಕ್ಕಿತು! ಒಂದು ವಾರ ಪರದೆ ಹಸಿ ಏಲಕ್ಕಿಯ ಬಣ್ಣ, ಇನ್ನೊಂದು ವಾರ ಹೊರನಾಡಿನ ದೇವಸ್ಥಾನದ ಹಿತ್ತಾಳೆ ಗಂಟೆಯ ಬಣ್ಣ. ಹೆಸರು ಹೇಳಲು ನಾಲಗೆ ತಿರುಗದ ದೇಶಗಳವರು ಭಾವನ ಏಲಕ್ಕಿ ವೇಷ ಹಾಕಿಕೊಂಡು ಕೂತಿದ್ದರಂತೆ. ಇಬ್ರಾಹಿಮಣ್ಣ ಇದನ್ನು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿ, “ಅಲ್ಲಿ ಏಲಕ್ಕಿ, ಇಲ್ಲಿ ಸಾಲ್ಟ್ ಬಿಸ್ಕತ್ತು” ಎಂದು ಮುಗಿಸುತ್ತಿದ್ದರು. ಭಾವನ ಅಂಗಡಿಯಲ್ಲಿ ಚಹಾದ ಜೊತೆ ಕೊಡುತ್ತಿದ್ದದ್ದು ಅದೊಂದೇ ಬಿಸ್ಕತ್ತು.

ಇದೇ ಕಾಲಕ್ಕೆ ಭಾವನ ತಲೆಯ ಇನ್ನೊಂದು ಸ್ಕ್ರೂ ಸಡಿಲವಾಯಿತೆಂದು ನಾನು ತಿಳಿದೆ. ಮುಚ್ಚಳಗಳ ಈ ಮಹಾಗುರು ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಬಿಡತೊಡಗಿದರು. ಇರುವೆಗಳಿಗೆ ಹಬ್ಬ! ಹಿತ್ತಲ ಬಾಗಿಲಿನ ಚಂದದ ಸಣ್ಣ ಚಿಲಕ ಕಿತ್ತು, ದನದ ಕೊಟ್ಟಿಗೆಗೆ ಹಾಕುವಂಥ ಮೊಳದುದ್ದದ ಮರದ ಅಗಳಿ ಜಡಿದರು. ಅಕ್ಕನ ಕೈಚೀಲದ ಜಿಪ್ಪು ಬಿಚ್ಚಿಸಿ ರೂಪಾಯಿಯಗಲದ ಗುಂಡಿ ಹೊಲಿಸಿದರು. ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಕಾಫಿಯ ವಿಷಯಕ್ಕೆ. ಕಾಫಿ ಬಗ್ಗಿಸುವುದು ಅವರೇ. ನನಗೆ ಲೋಟದ ತುಂಬ, ತಮಗೆ ಲೋಟದ ತುಂಬ, ಅಕ್ಕನಿಗೆ ಮಾತ್ರ ಅರ್ಧ! ಕಾಫಿ ಸೀಮೆಯಲ್ಲಿ ಹುಟ್ಟಿ ಹೆಂಡತಿಗೆ ಅರ್ಧ ಲೋಟ ಕಾಫಿ ಕೊಡುವ ಗಂಡಸು! ನಾನು ಬಿಡುವವಳಲ್ಲ, ಕೇಳಿಯೇಬಿಟ್ಟೆ.

“ಮಿಕ್ಕಿದ್ದು ಆಮೇಲೆ ಕೊಡ್ತೀನಿ ಮಾರಾಯ್ತಿ. ಎರಡು ಸಲ ಬಿಸಿ ಕುಡಿದ ಹಾಗಾಯ್ತಲ್ಲ” ಎಂದರು. ಅಕ್ಕ ನಕ್ಕಳು.

ಈಗ ಇಂಟು ಮಾರ್ಕಿಗೆ ಬರೋಣ.

ಕಂಪ್ಯೂಟರಿನಲ್ಲಿ ಏನಾದರೂ ಆದರೆ ಪರದೆಯ ಬಲಮೂಲೆಯಲ್ಲಿ ಒಂದು ಸಣ್ಣ ಚೀಟಿ ಉದುರುತ್ತಿತ್ತು. ಪ್ರಿಂಟರಿಗೆ ಕಾಗದವಿಲ್ಲ, ಇಂಟರ್ನೆಟ್ ಹೋಯಿತು, ಇಂಟರ್ನೆಟ್ ಬಂತು, ಯುಪಿಎಸ್ ಕೊನೆಯುಸಿರೆಳೆಯುತ್ತಿದೆ, ಹೀಗೆ. ಬೇರೆ ದೇಶಗಳಲ್ಲಿ ಇಂಥ ಚೀಟಿ ದಿನಕ್ಕೊಂದು ಬರುತ್ತಿತ್ತೇನೋ. ಮೂಡಿಗೆರೆಯಲ್ಲಿ ಕರೆಂಟು ಮತ್ತು ಟೆಲಿಫೋನ್ ತಂತಿ ಎರಡೂ ಗಾಳಿಯ ಮರ್ಜಿಯಲ್ಲಿರುವುದರಿಂದ ಚೀಟಿಗಳು ಆಷಾಢದ ಎಲೆಯಂತೆ ಉದುರುತ್ತಿದ್ದವು. ಪ್ರತಿಯೊಂದರ ಮೂಲೆಯಲ್ಲೂ ಸಾಸಿವೆ ಕಾಳಿನಷ್ಟು ಇಂಟು ಮಾರ್ಕು. ಅದನ್ನು ಒತ್ತಿದರೆ ಚೀಟಿ ಹೋಗುತ್ತದೆ. ಗುರಿ ಒಂದು ಕೂದಲು ತಪ್ಪಿದರೆ, ಪಕ್ಕದಲ್ಲೇ ಇರುವುದು ನಾವು ಕೆಲಸ ಮಾಡುತ್ತಿರುವ ಕಾಗದವನ್ನೇ ಮುಚ್ಚುವ ಇಂಟು ಮಾರ್ಕು!

ಹಾಗೆ ಮುಚ್ಚಿಹೋದದ್ದು ಪಕ್ಕದ ಊರಿನ ಗೌಡರ ಮಗಳ ಮದುವೆ ಕಾಗದ. ‘ಉಳಿಸಬೇಕೇ?’ ಎಂದು ಕಂಪ್ಯೂಟರ್ ಕೇಳಿತಂತೆ. ಗಾಬರಿಯಲ್ಲಿ ‘ಬೇಡ’ ಎಂದೇ ಒತ್ತಿ ಆಯಿತಂತೆ. ಹೋದದ್ದು ಬರೀ ಅಕ್ಷರವಾಗಿದ್ದರೆ ಮಾತು ಬೇರೆ. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಯಾವ ಚಿಕ್ಕಪ್ಪನ ಹೆಸರು ಮೇಲೆ, ಯಾವ ದೊಡ್ಡಪ್ಪನ ಹೆಸರು ಕೆಳಗೆ ಎಂಬುದನ್ನು ಗೌಡರು ಅಂಗಡಿಯಲ್ಲೇ ಕೂತು, ನೆಂಟರನ್ನೆಲ್ಲ ಕರೆಸಿ, ರಾಜಿ ಮಾಡಿಸಿ ಬರೆಸಿದ್ದರು. ಗೌಡರು ಬಂದಾಗ ನಾನೂ ಅಲ್ಲೇ ಇದ್ದೆ. ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು. ಭಾವ ಮುಂದೆ ಬಂದು, “ನಾನೇ ಎಂತದೋ ಒತ್ಬಿಟ್ಟೆ ಗೌಡ್ರೆ” ಎಂದರು.

“ನೀನು ಯಾಕೆ ಮಾರಾಯ ಅದರ ತಂಟೆಗೆ ಹೋದೆ? ನಿಮ್ಮನೆಯಮ್ಮ ಚೆನ್ನಾಗಿ ಟೈಪ್ ಮಾಡ್ತಿದ್ರಲ್ಲ” ಎಂದು ಗೌಡರು ನೊಂದುಕೊಂಡರು. ಆ ಹೆಸರುಗಳನ್ನು ಮತ್ತೆ ಜೋಡಿಸಬೇಕಾದರೆ ಮತ್ತೊಂದು ಪಂಚಾಯ್ತಿ ಕೂರಿಸಬೇಕೆಂದು ಗೊಣಗುತ್ತ ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಅಂಗಡಿಗೆ ಹೋದರು. ಗೌಡರು ಹೋದ ಮೇಲೆ ಎಸ್ಟೇಟಿನವರು ಕೆಲವರು ಅದೇ ದಾರಿ ಹಿಡಿದರು. ನನಗೆ ಭಯವಾಯಿತು. ನನ್ನ ಡಿಗ್ರಿ ಹುಟ್ಟಿದ್ದು ಅಕ್ಕನ ಕೀಲಿಮಣೆಯ ಮೇಲೆ. ಅದನ್ನು ಇವರು ವೇಷ ಕಟ್ಟುತ್ತ ಕಟ್ಟುತ್ತ ಮುಳುಗಿಸಿಬಿಟ್ಟರೆ ಆ ಟೈಪಿಂಗ್ ಕುರ್ಚಿಯಿಂದ ಎದ್ದು ಅಕ್ಕ ಎಲ್ಲಿಗೆ ಹೋಗಬೇಕು? ಭಾವನಿಗೆ ಮುಖದ ಮೇಲೇ ಹೇಳಿದೆ. ಅವರು ತಲೆತಗ್ಗಿಸಿ ಕೇಳಿ, ಕೊನೆಗೆ ಎಂದದ್ದು: “ಆ ಇಂಟು ಮಾರ್ಕ್ ಬದಲಾಯಿಸ್ಬೇಕು.”

ಬದಲಾಯಿಸಲು ಹೋದರೆ ಬರುವುದಿಲ್ಲ! ಚೀಟಿಯ ಬಣ್ಣ ವೇಷದವರ ಇಷ್ಟ, ಅಂಚು ಅವರಿಷ್ಟ, ಅಕ್ಷರ ಅವರಿಷ್ಟ. ಇಂಟು ಮಾರ್ಕು ಮಾತ್ರ ಕಟ್ಟಿದವರು ಒಳಗೇ ಕೂರಿಸಿಬಿಟ್ಟಿದ್ದರು. ಅದರ ಆಕಾರವನ್ನಾಗಲಿ ಅಳತೆಯನ್ನಾಗಲಿ ಯಾರೂ ಮುಟ್ಟುವಂತಿಲ್ಲ. ‘ಹಾಗಿದ್ದರೆ ಚೀಟಿಯೇ ಬರದಂತೆ ಮಾಡಿ’ ಎಂದು ನಾನು ಬುದ್ಧಿ ಹೇಳಿದೆ. ಯುಪಿಎಸ್ ಸಾಯುವ ಸುದ್ದಿ ತರುವುದೂ ಅದೇ ಚೀಟಿ, ಅದಿಲ್ಲದಿದ್ದರೆ ಕಾಗದವೆಲ್ಲ ಒಟ್ಟಿಗೇ ಹೋಗುತ್ತದೆ ಎಂದರು. ಊರವರು ಕಾರಣ ಕೇಳಿದರೆ ಬೇರೆ ಕಥೆ. ಶಾಲೆಯಲ್ಲಿ ತಮ್ಮ ಉತ್ತರಪತ್ರಿಕೆಯ ತುಂಬ ಮೇಷ್ಟರು ಹಾಕಿದ್ದು ಇದೇ ಮಾರ್ಕು, ಈಗ ದುಡ್ಡು ಕೊಟ್ಟು ತಂದ ಕಂಪ್ಯೂಟರಿನಲ್ಲೂ ಅದನ್ನೇ ನೋಡಬೇಕೇ ಎನ್ನುತ್ತಿದ್ದರು. ಊರಿಗೆ ಇದು ಬಹಳ ಹಿಡಿಸಿತು. ಸಂತೆಗೆ ಬಂದವರೂ ಅಂಗಡಿಗೆ ಇಣುಕಿ, ‘ಇಂಟು ಹೋಯ್ತಾ?’ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಆ ತಂತ್ರಾಂಶ ಕಟ್ಟಿದ ಹೊರದೇಶದವರಿಗೆ, ಅವರ ಗುಂಪಿನವರೆಲ್ಲ ಓದುವಂಥ ಮಿಂಚಂಚೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಹೇಳುತ್ತ ಹೋದರು, ನಾನು ಇಂಗ್ಲಿಷ್ ಮಾಡುತ್ತ ಹೋದೆ.

“ಬರಿ. ಯಕ್ಷಗಾನದಲ್ಲಿ ಕಿರೀಟ ವೇಷದವನದು, ಬಣ್ಣ ವೇಷದವನದು, ಗೆಜ್ಜೆ ಮಾತ್ರ ಬೇರೆಯವ್ರು ಕೊಟ್ಟಿದ್ದೇ ಕಟ್ಕೋಬೇಕು ಅಂದ್ರೆ ಅವನು ಕುಣಿಯೋದು ಹೆಂಗೆ?”

“ಭಾವ, ಅವರಿಗೆ ಯಕ್ಷಗಾನ ಗೊತ್ತಿಲ್ಲ.”

“ಕುಣಿಯೋದು ಗೊತ್ತಿರಬೋದಲ್ಲ?”

ನಾನು ಯಕ್ಷಗಾನ ಬಿಟ್ಟು, ಗೆಜ್ಜೆ ಬಿಟ್ಟು, ‘ಚೀಟಿ ಮುಚ್ಚುವ ಗುಂಡಿಯನ್ನೂ ಥೀಮ್ ಮಾಡುವವರ ಆಯ್ಕೆಗೆ ಬಿಡಬೇಕಾಗಿ ವಿನಂತಿ’ ಎಂದು ಬಿ.ಎ. ಇಂಗ್ಲಿಷಿನಲ್ಲಿ ಬರೆದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ಬರೆದವನು ಸೌಮ್ಯ ಮನುಷ್ಯ. ಎಲ್ಲರಿಗೂ ಪರಿಚಯವಿರುವ ಗುರುತು, ಸಣ್ಣದಾಗಿದ್ದರೇ ಅಚ್ಚುಕಟ್ಟು ಎಂದು ವಿವರಿಸಿ, ಕೊನೆಗೊಂದು ಪ್ರಶ್ನೆ ಕೇಳಿದ್ದ. ಇದು ಯಾರಿಗೆ ಬೇಕು? ಒಂದು ಉದಾಹರಣೆ ಕೊಡಬಹುದೇ?

ನ್ಯಾಯವಾದ ಪ್ರಶ್ನೆ. ನಾನು ಓದಿ ಹೇಳಿ, ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಭಾವ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತರು. ಅಕ್ಕ ಒಳಗೆ ಟೈಪ್ ಮಾಡುತ್ತಿದ್ದಳು. ಭಾವ ಅಲ್ಲಿಂದಲೇ, “ನಂಗೇ ಬೇಕು ಅಂತ ಬರಿ” ಎಂದರು. ಯಾಕೆಂದು ಬರೆಯಲಿ? “ಹುಚ್ಚು ಅಂತ ಬರಿ ಮಾರಾಯ್ತಿ. ಎಲ್ಲ ದೇಶದಲ್ಲೂ ಇರತ್ತೆ.”

ಬರೆದೆ. ಹುಚ್ಚು ಎಂಬುದಕ್ಕೆ ಇಂಗ್ಲಿಷಿನಲ್ಲಿ ಸ್ವಲ್ಪ ಮರ್ಯಾದೆಯ ಪದ ಹುಡುಕಿ ಬರೆದೆ. ಆ ಕಡೆಯಿಂದ ಸದ್ದಿಲ್ಲ. ಭಾವ ದಿನಾ ಮಿಂಚಂಚೆ ನೋಡಿ ಮುಖ ಸಣ್ಣ ಮಾಡಿಕೊಳ್ಳುವರು. ಬಸ್‌ಸ್ಟ್ಯಾಂಡಿನ ಅಂಗಡಿಗೆ ಎರಡನೇ ಕಂಪ್ಯೂಟರ್ ಬಂತು. ಆಗ, ಎಲ್ಲಿಂದಲೋ ಒಬ್ಬ ಪುಣ್ಯಾತ್ಮ ನಮ್ಮ ಪತ್ರದ ಕೆಳಗೇ ಬರೆದ, ತನಗೂ ಇದು ಬೇಕೆಂದು. ಅವನು ಕಟ್ಟುತ್ತಿದ್ದದ್ದು ಬೆಕ್ಕಿನ ವೇಷವಂತೆ. ಮುಚ್ಚುವ ಗುಂಡಿಯ ಜಾಗದಲ್ಲಿ ಮೀನಿನ ಮುಳ್ಳು ಇಡಬೇಕಂತೆ! ಎರಡು ದನಿಯಾದ ಮೇಲೆ ಕಟ್ಟುವವರು ಮೆತ್ತಗಾದರು. ಮುಂದಿನ ಆವೃತ್ತಿಯಿಂದ ಆ ಗುಂಡಿಯ ಆಕಾರ, ಅಳತೆ ಎರಡೂ ವೇಷದವರ ಇಷ್ಟ ಎಂದಾಯಿತು. ಇಬ್ರಾಹಿಮಣ್ಣ ಗ್ಯಾರೇಜಿನಿಂದಲೇ ಷರಾ ಬರೆದರು: “ಹುಡುಕಿದ್ರೆ ಲೋಕದಲ್ಲಿ ಜೋಡಿ ಸಿಕ್ಕೇ ಸಿಗತ್ತೆ.”

ಭಾವ ಇಟ್ಟದ್ದು ಎಲೆಯಲ್ಲ, ಹೂವಲ್ಲ. ಕಾಫಿ ಹಣ್ಣು! ಚೆನ್ನಾಗಿ ಕೆಂಪಾದ, ಬೆಳಕು ಬಿದ್ದ ಕಡೆ ಮಿಂಚುವ ಹಣ್ಣು. ಮುಟ್ಟಿದರೆ ಕುಯ್ದ ಹಾಗೆ ‘ಟಿಕ್’ ಎಂದು ಸದ್ದಾಗಿ ಚೀಟಿಯ ಸಮೇತ ಮಾಯ. ಅಂದ ಚಂದ ಸರಿಯೇ. ಆದರೆ ಗಾತ್ರ? ಕಾಫಿ ಹಣ್ಣು ಎಂದರೆ ಗಜನಿಂಬೆಯಷ್ಟಿತ್ತು. ಚೀಟಿಯಲ್ಲಿ ಅಕ್ಷರಕ್ಕೆ ಉಳಿದದ್ದು ಒಂದು ಓಣಿ. ಊರು ಬಿದ್ದು ಬಿದ್ದು ನಕ್ಕಿತು. ನಾನಂತೂ ನನ್ನ ಇಂಗ್ಲಿಷಿನ ಶ್ರಮವೆಲ್ಲ ಇದಕ್ಕೇ ಹೋಯಿತೇ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗಿಸಿದೆ. ಮನಸ್ಸು ತಡೆಯದೆ ಗೌಡರೂ ಬಂದು ನೋಡಿದರು.

“ಇದೆಂತದು ಮಾರಾಯ, ಚೀಟಿಗಿಂತ ಹಣ್ಣೇ ದೊಡ್ಡದಿದೆ?”

“ಈ ವರ್ಷ ಬೆಳೆ ಚೆನ್ನಾಗಿದೆ ಗೌಡ್ರೆ.”

ಗೌಡರಿಗೆ ಆ ಉತ್ತರ ಹಿಡಿಸಿ ಎರಡನೇ ಮಗಳ ಮದುವೆ ಕಾಗದವನ್ನು ಇಲ್ಲಿಗೇ ಕೊಟ್ಟರು. ಅಕ್ಕ ಕೂತಲ್ಲಿಂದ ಏಳದೆ ಟೈಪ್ ಮಾಡಿ ಮುಗಿಸಿದಳು. ಚಿಕ್ಕಪ್ಪ, ದೊಡ್ಡಪ್ಪ ಎಲ್ಲ ತಮ್ಮ ತಮ್ಮ ಸಾಲಿನಲ್ಲಿ ಸುಖವಾಗಿ ಕೂತರು.

ಇದಾದ ಮೇಲೆ ದಸರಾ ರಜೆಯ ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ಭಾವ ಯಾವುದೋ ಕೆಲಸಕ್ಕೆ ಕಳಸಕ್ಕೆ ಹೋಗಿದ್ದರು. ಒಳ್ಳೆಯ ಸಮಯ! ಫ್ಲಾಸ್ಕಿನ ಕಾಫಿಯನ್ನು ನಾನೇ ಬಗ್ಗಿಸಿ, ಅಕ್ಕನ ಲೋಟವನ್ನು ಕಂಠದವರೆಗೆ ತುಂಬಿ, “ಇವತ್ತಾದರೂ ಪೂರ್ತಿ ಕುಡಿ” ಎಂದು ಕೈಹತ್ತಿರ ಇಟ್ಟೆ. ಅವಳು ಆರಲಿ ಎಂದಳು. ನಾನು ಊರ ಸುದ್ದಿ ಹೇಳುತ್ತ ನನ್ನದು ಕುಡಿದು ಮುಗಿಸಿದೆ. ಅವಳದು ಹಾಗೇ ಇತ್ತು. ಆರಿತು, ಕೆನೆ ಕಟ್ಟಿತು. ಅವಳು ಅದರತ್ತ ಕೈ ಚಾಚಲೇ ಇಲ್ಲ.

ಅಷ್ಟರಲ್ಲಿ ಇಂಟರ್ನೆಟ್ ಹೋಯಿತೆಂದು ಚೀಟಿ ಉದುರಿತು. ಅಕ್ಕ ಕೀಲಿಮಣೆಯಿಂದ ಬಲಗೈ ಎತ್ತಿ ಮೌಸ್ ಹಿಡಿದಳು. ಕೀಲಿಯ ಮೇಲೆ ಊರಿದ್ದಷ್ಟು ಹೊತ್ತು ನೆಟ್ಟಗಿದ್ದ ಕೈ, ಎತ್ತಿದ ಕೂಡಲೇ ನಡುಗತೊಡಗಿತು. ಪರದೆಯ ಮೇಲಿನ ಬಾಣವೂ ನಡುಗುತ್ತ ನಡುಗುತ್ತ, ಆ ಕಡೆ ಈ ಕಡೆ ಜೀಕುತ್ತ ಮೂಲೆಗೆ ಹೋಯಿತು. ಹಿಂದಿನ ಸಾಸಿವೆ ಕಾಳಾಗಿದ್ದರೆ ನೂರಕ್ಕೆ ನೂರು ತಪ್ಪುತ್ತಿತ್ತು. ಆದರೆ ಹಣ್ಣು ದೊಡ್ಡದು. ಎಲ್ಲಿ ಬಿದ್ದರೂ ಹಣ್ಣೇ.

ಟಿಕ್.

ನಾನು ನೋಡಿದ್ದನ್ನು ಅವಳು ನೋಡಿದಳು. ಅರ್ಧ ಲೋಟ, ಸಡಿಲ ಮುಚ್ಚಳ, ಕೊಟ್ಟಿಗೆಯ ಅಗಳಿ, ಚೀಲದ ಗುಂಡಿ, ಎಲ್ಲವೂ ನನ್ನ ತಲೆಯಲ್ಲಿ ಒಂದೊಂದಾಗಿ ಬಂದು ಕೂತವು.

“ನರದ್ದಂತೆ. ಹಾಸನದಲ್ಲಿ ತೋರಿಸ್ದೆ, ಸೀರೆ ತರೋಕೆ ಅಂತ ಹೇಳಿ ಹೋಗಿ” ಎಂದಳು. “ಟೈಪಿಂಗಿಗೆ ಏನೂ ಆಗಿಲ್ಲ ಕಣೆ. ಬೆರಳು ಊರಿದ್ರೆ ನಿಲ್ಲತ್ತೆ. ಗೌಡರ ಕಾಗದ ಒತ್ತಿದ್ದು ನಾನೇ.”

“ಭಾವನಿಗೆ ಗೊತ್ತಾ?”

“ಅವ್ರಿಗೆ ಗೊತ್ತು. ಅವ್ರಿಗೆ ಗೊತ್ತು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದಾರೆ.” ನಕ್ಕಳು. “ಹಂಗೇ ಇರ್ಲಿ. ಊರಲ್ಲಿ ಎಲ್ರೂ ಅವರ ಹುಚ್ಚು ನೋಡ್ತಾರೆ, ನನ್ನ ಕೈ ಯಾರೂ ನೋಡಲ್ಲ.”

ಇದನ್ನು ಬರೆಯಲೇ ಎಂದು ಈಚೆಗೆ ಕೇಳಿದಾಗ ಅಕ್ಕ ಹೂಂ ಎಂದಳು. ಭಾವ ಅಚ್ಚಾದದ್ದನ್ನು ಓದುವುದಿಲ್ಲ, ಅಕ್ಷರದ ಆಕಾರವನ್ನಷ್ಟೇ ನೋಡುತ್ತಾರೆ, ಹೆದರಬೇಡ ಎಂದಳು.

ಅವತ್ತು ಭಾವ ಕಳಸದ ಬಸ್ಸಿಳಿದು ಬಂದರು. ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿದರು. ಕಂಠದವರೆಗೆ ತುಂಬಿ ಕೆನೆಗಟ್ಟಿದ ಲೋಟ ಅವರ ಕಣ್ಣಿಗೆ ಬಿತ್ತು. ನನ್ನನ್ನೊಮ್ಮೆ ನೋಡಿದರು. “ಇಷ್ಟು ಕುಡಿದ್ರೆ ಅವಳಿಗೆ ಪಿತ್ತ ಆಗತ್ತೆ” ಎನ್ನುತ್ತ ಅರ್ಧವನ್ನು ಬೇರೆ ಲೋಟಕ್ಕೆ ಬಗ್ಗಿಸಿ, ತಣ್ಣಗಿದ್ದದ್ದನ್ನು ಹಾಗೇ ಕುಡಿದರು. ಉಳಿದರ್ಧವನ್ನು ಅಕ್ಕ ಎರಡೂ ಕೈಯಲ್ಲಿ ಎತ್ತಿಕೊಂಡಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಏನಾದರೂ ಹೇಳಲೇಬೇಕಿತ್ತು. ಬಿ.ಎ., ಬಿ.ಎಡ್. ಓದಿದವಳಿಗೆ ಹೊಳೆದದ್ದು ಇದು: “ಭಾವ, ಆ ಹಣ್ಣು ಏನೇನೂ ಸಾಲದು ಅಂತ ಊರವರು ಮಾತಾಡ್ಕೊಳ್ತಿದಾರೆ.”

“ಹೌದನಾ? ಎಷ್ಟು ಮಾಡಣ?”

“ಹಲಸಿನಕಾಯಿಯಷ್ಟು.”

“ಮಾಡಣ ಮಾರಾಯ್ತಿ. ವೇಷ ನಮ್ದೇ ಅಲ್ವಾ ಈಗ.”

ಅಷ್ಟರಲ್ಲಿ ಮತ್ತೊಂದು ಚೀಟಿ ಉದುರಿತು. ಅಕ್ಕ ಲೋಟ ಕೆಳಗಿಟ್ಟು ಮೌಸಿಗೆ ಕೈಹಾಕಿದಳು. ಭಾವ ತಟ್ಟನೆ ಹೋಗಿ ಬಾಗಿಲು ತೆರೆದು, ಬಸ್ಸು ಬಂತೇನೋ ಎಂಬಂತೆ ರಸ್ತೆ ನೋಡತೊಡಗಿದರು. ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ. ರಸ್ತೆಯಲ್ಲಿ ಬಸ್ಸೇನೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು, ಹಿಂದಿನಿಂದ ಹಣ್ಣು ಕುಯ್ದ ಸದ್ದು ಕೇಳುವವರೆಗೆ.